ಕಾಲುಗುರಿನ ಹಠಮಾರಿ ಫಂಗಸ್: ಮಾತ್ರೆಯೋ, ಲ್ಯಾಕರೋ, ಲೇಸರೋ, ಸುಮ್ನೆ ಬಿಡೋದೋ?

ಕಾಲಿನ ಹೆಬ್ಬೆರಳ ಉಗುರು ಹಳದಿ ತಿರುಗಿ, ದಪ್ಪಗಾಗಿ, ತುದಿಯಿಂದ ಪುಡಿ ಉದುರತೊಡಗಿದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಅಲ್ಲಿ ಒಂದು ಟ್ಯೂಬ್ ಕ್ರೀಮ್ ಸಿಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೂ ಉಗುರು ಇದ್ದ ಹಾಗೇ ಇರುತ್ತದೆ. ಆಮೇಲೆ ಯಾರೋ ಹೇಳಿದ ಎಣ್ಣೆ, ಮತ್ಯಾರೋ ಹೇಳಿದ ವಿನೆಗರ್. ಕೊನೆಗೆ ಜಾಹೀರಾತು ನೋಡಿ ಲೇಸರ್ ಕ್ಲಿನಿಕ್ಕಿಗೆ ಫೋನು.

ಇಷ್ಟೆಲ್ಲ ಓಡಾಟದಲ್ಲಿ ಎರಡು ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ. ಇದು ನಿಜವಾಗಿಯೂ ಫಂಗಸ್ಸೇ? ಹೌದಾದರೆ ಉಗುರಿನಲ್ಲಿ ಎಲ್ಲಿಯವರೆಗೆ ಹೋಗಿದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ಚಿಕಿತ್ಸೆ ಎಂಬುದು ಹೆಚ್ಚು ಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ. ನನ್ನ ಪ್ರಕಾರ ಮೊದಲ ದುಡ್ಡು ಖರ್ಚಾಗಬೇಕಾದದ್ದು ಔಷಧಿಗಲ್ಲ, ಪರೀಕ್ಷೆಗೆ.

ಫಂಗಸ್ ಹೌದಾ ಅಲ್ವಾ

ಆಕಾರ ಕೆಟ್ಟ, ಬಣ್ಣ ಕೆಟ್ಟ ಉಗುರುಗಳಲ್ಲಿ ಫಂಗಸ್‌ನಿಂದ ಆದದ್ದು ಸುಮಾರು ಅರ್ಧದಷ್ಟು ಮಾತ್ರ. ಉಳಿದರ್ಧಕ್ಕೆ ಬೇರೆ ಕಾರಣಗಳಿವೆ. ಸೋರಿಯಾಸಿಸ್ ಎಂಬ ಚರ್ಮರೋಗ ಇದ್ದವರ ಉಗುರೂ ದಪ್ಪಗಾಗಿ, ಕೆಳಗಿನಿಂದ ಬಿಟ್ಟುಕೊಳ್ಳುತ್ತದೆ. ಕೈಯುಗುರಿನಲ್ಲಿ ಗುಂಡುಸೂಜಿಯಿಂದ ಚುಚ್ಚಿದಂಥ ಸಣ್ಣ ಗುಳಿಗಳಿದ್ದರೆ ಸೋರಿಯಾಸಿಸ್ ಇರಬಹುದೇ ಎಂದು ನೋಡಬೇಕು. ಬಿಗಿ ಶೂ ಹಾಕಿ ದಿನವೂ ಓಡುವವರಿಗೆ ಬರೀ ಒತ್ತಡದಿಂದಲೇ ಉಗುರು ಹೀಗಾಗುತ್ತದೆ. ಉಗುರು ಹಸಿರಾದರೆ ಅದು ಹೆಚ್ಚಾಗಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಉಗುರಿನ ಪಕ್ಕದ ಚರ್ಮ ಕೆಂಪಾಗಿ ಊದಿ, ಕೀವು ತುಂಬಿ, ಪಟಪಟ ಹೊಡೆದುಕೊಳ್ಳುತ್ತಿದ್ದರೆ ಅದು ಉಗುರುಸುತ್ತು. ಹಳ್ಳಿಯಲ್ಲಿ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವುದು ಅದಕ್ಕೇ. ಅದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ.

ಒಂದನ್ನು ಮಾತ್ರ ಒತ್ತಿ ಹೇಳಬೇಕು. ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ ಮೂಡಿ ಅಗಲವಾಗುತ್ತಾ ಹೋದರೆ, ಅಥವಾ ಆ ಕಪ್ಪು ಪಕ್ಕದ ಚರ್ಮಕ್ಕೂ ಹರಡಿದರೆ, ಫಂಗಸ್ ಔಷಧಿ ಹಚ್ಚುತ್ತಾ ಕೂರಬೇಡಿ. ಉಗುರಿನಡಿಯ ಮೆಲನೋಮ ಎಂಬ ಕ್ಯಾನ್ಸರ್ ಹೀಗೆ ಕಾಣಿಸಿಕೊಳ್ಳುತ್ತದೆ. ಗಾಯಕ ಬಾಬ್ ಮಾರ್ಲೆಗೆ 1977ರಲ್ಲಿ ಪತ್ತೆಯಾದದ್ದು ಇದೇ, ಕಾಲ್ಬೆರಳ ಉಗುರಿನಡಿಯಲ್ಲಿ. ಮೊದಲು ಅದನ್ನು ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಎಂದುಕೊಂಡಿದ್ದರು.

ಫಂಗಸ್ ಪರೀಕ್ಷೆ ಕಷ್ಟದ್ದಲ್ಲ. ಚರ್ಮರೋಗ ವೈದ್ಯರು ಉಗುರನ್ನು ಕತ್ತರಿಸಿ, ಅದರಡಿಯ ಪುಡಿಯನ್ನು ಕೆರೆದು ತೆಗೆಯುತ್ತಾರೆ. ಅದನ್ನು ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್‌ನ ಎಳೆಗಳು ಕಾಣುತ್ತವೆ. ಯಾವ ಜಾತಿಯ ಫಂಗಸ್ ಎಂದು ತಿಳಿಯಬೇಕಾದರೆ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಅದನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು. ಅದಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಕತ್ತರಿಸಿದ ಉಗುರಿನ ಚೂರಿಗೆ ಪಿಎಎಸ್ ಎಂಬ ಬಣ್ಣ ಹಾಕಿ ನೋಡುವ ವಿಧಾನವೂ ಇದೆ. ಮೊದಲೆರಡರಲ್ಲಿ ತಪ್ಪಿಸಿಕೊಂಡದ್ದು ಇದರಲ್ಲಿ ಸಿಕ್ಕಿಬೀಳುವುದುಂಟು. ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಕೆಒಎಚ್ ಪರೀಕ್ಷೆ ಕಡಿಮೆ ಖರ್ಚಿನಲ್ಲೇ ಆಗುತ್ತದೆ. ಹೋಗುವಾಗ ನೈಲ್ ಪಾಲಿಶ್ ಬೇಡ. ಹಿಂದಿನ ಕೆಲವು ವಾರ ಫಂಗಸ್ ಕ್ರೀಮ್ ಹಚ್ಚಿದ್ದರೆ ಅದನ್ನು ಮೊದಲೇ ಹೇಳಿ. ಕ್ರೀಮ್‌ನಿಂದಾಗಿ ಫಂಗಸ್ ಇದ್ದರೂ ಇಲ್ಲ ಎಂದು ವರದಿ ಬರಬಹುದು. ಒಂದು ಸಲ ನೆಗೆಟಿವ್ ಬಂದ ಮಾತ್ರಕ್ಕೆ ಫಂಗಸ್ ಇಲ್ಲವೇ ಇಲ್ಲ ಎಂದೂ ಅಲ್ಲ. ಅನುಮಾನ ಬಲವಾಗಿದ್ದರೆ ಮತ್ತೊಮ್ಮೆ ಮಾಡಿಸುತ್ತಾರೆ.

ಉಗುರಿನ ಲೆಕ್ಕ

ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿ.ಮೀ. ಮಾತ್ರ ಬೆಳೆಯುತ್ತದೆ. ಕೈಯುಗುರಿನ ಅರ್ಧ ವೇಗ. ಹೆಬ್ಬೆರಳ ಉಗುರು ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಕೆಟ್ಟ ಉಗುರನ್ನು ಮತ್ತೆ ಒಳ್ಳೆಯದು ಮಾಡುವ ಔಷಧಿ ಯಾವುದೂ ಇಲ್ಲ. ಔಷಧಿ ಮಾಡುವುದು ಇಷ್ಟೇ: ಹೊಸದಾಗಿ ಹುಟ್ಟುವ ಉಗುರಿಗೆ ಫಂಗಸ್ ಹತ್ತದಂತೆ ತಡೆಯುವುದು. ಹಳೆಯದು ಬೆಳೆದು ಮುಂದೆ ಬಂದು, ನಾವು ಕತ್ತರಿಸಿ ಎಸೆಯುವವರೆಗೆ ಕಣ್ಣಿಗೆ ವಾಸಿ ಕಾಣಿಸುವುದಿಲ್ಲ. ಹದಿನೈದು ದಿನದಲ್ಲಿ ಗುಣ ಎನ್ನುವ ಜಾಹೀರಾತು ಕಂಡರೆ ಈ ಒಂದೂವರೆ ಮಿ.ಮೀ. ನೆನಪಿರಲಿ.

ಈಗ ಎಷ್ಟು ದೂರ ಹೋಗಿದೆ ಎಂಬುದು. ಸಾಮಾನ್ಯವಾಗಿ ಫಂಗಸ್ ಉಗುರಿನ ತುದಿ ಅಥವಾ ಅಂಚಿನಿಂದ ಒಳನುಗ್ಗಿ ಬುಡದ ಕಡೆ ಸಾಗುತ್ತದೆ. ಉಗುರಿನ ಅರ್ಧಕ್ಕಿಂತ ಕಡಿಮೆ ಭಾಗ ಕೆಟ್ಟಿದ್ದು, ಬುಡದ ಅರ್ಧಚಂದ್ರದಂಥ ಬಿಳಿ ಭಾಗ ಚೆನ್ನಾಗಿದ್ದರೆ ಆಯ್ಕೆಗಳು ಹೆಚ್ಚು. ಅರ್ಧ ದಾಟಿದ್ದರೆ, ಬುಡಕ್ಕೇ ತಾಗಿದ್ದರೆ, ಎರಡು ಮಿ.ಮೀ.ಗಿಂತ ದಪ್ಪಗಾಗಿದ್ದರೆ, ಅಥವಾ ಉಗುರಿನ ಮಧ್ಯೆ ಹಳದಿ ಪಟ್ಟಿಯೊಂದು ಈಟಿಯ ಹಾಗೆ ಒಳಗೆ ಹೋಗಿದ್ದರೆ ಅದು ಹಠಮಾರಿ ಜಾತಿ. ಆ ಹಳದಿ ಪಟ್ಟಿಯೊಳಗೆ ಫಂಗಸ್ ಗಂಟುಕಟ್ಟಿಕೊಂಡು ಕೂತಿರುತ್ತದೆ. ಬರೀ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ. ಬುಡದಿಂದಲೇ ಬಿಳುಪು ಶುರುವಾಗಿ ಮುಂದೆ ಬರುವ ಅಪರೂಪದ ಬಗೆಯೂ ಇದೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅದು ಜಾಸ್ತಿ ಕಾಣುವುದರಿಂದ ವೈದ್ಯರು ಬೇರೆ ರಕ್ತಪರೀಕ್ಷೆಗಳನ್ನೂ ಹೇಳಬಹುದು. ಗಾಬರಿಯಾಗಬೇಡಿ, ಬೇಡ ಎಂದೂ ಹೇಳಬೇಡಿ.

ಟರ್ಬಿನಫಿನ್ ಮಾತ್ರೆ

ಕಾಲುಗುರಿನ ಮಟ್ಟಿಗೆ ಮೊದಲ ಸಾಲಿನ ಔಷಧಿ ಇದೇ. ದಿನಕ್ಕೊಂದು 250 ಮಿ.ಗ್ರಾಂ. ಮಾತ್ರೆ, 12 ವಾರ. ಕೈಯುಗುರಿಗಾದರೆ ಆರೇ ವಾರ. ಉಗುರು ಫಂಗಸ್‌ನಲ್ಲಿ ಅತಿ ಹೆಚ್ಚು ಕಾಣುವ ಟ್ರೈಕೊಫೈಟಾನ್ ರೂಬ್ರಮ್ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಎಷ್ಟು ಚೆನ್ನಾಗಿ? ಇಲ್ಲಿ ಎರಡು ಲೆಕ್ಕಗಳಿವೆ. ಒಂದು, ಪರೀಕ್ಷೆಯಲ್ಲಿ ಫಂಗಸ್ ಸಿಗದೇ ಇರುವುದು. ಇನ್ನೊಂದು, ಫಂಗಸ್ಸೂ ಇಲ್ಲ, ಉಗುರೂ ನೂರಕ್ಕೆ ನೂರು ಚೊಕ್ಕ ಎನ್ನುವುದು. ಅಮೆರಿಕದಲ್ಲಿ ಈ ಔಷಧಿಯ ಜೊತೆ ಬರುವ ಅಧಿಕೃತ ಮಾಹಿತಿಪತ್ರದಲ್ಲಿ ಮೊದಲನೆಯದು ಶೇ. 70, ಎರಡನೆಯದು ಶೇ. 38. ಅಂದರೆ ಫಂಗಸ್ ಸತ್ತ ಎಷ್ಟೋ ಜನರ ಉಗುರು ಹಳೆಯ ರೂಪಕ್ಕೆ ಪೂರ್ತಿ ಮರಳುವುದಿಲ್ಲ. ಮುಂದೆ ಬೇರೆ ಔಷಧಿಗಳ ಅಂಕಿ ನೋಡುವಾಗ ಯಾವ ಲೆಕ್ಕ ಎಂದು ಗಮನಿಸಿ. ಜಾಹೀರಾತುಗಳು ದೊಡ್ಡ ಅಂಕಿಯನ್ನೇ ಹೇಳುತ್ತವೆ.

ಹನ್ನೆರಡು ವಾರಕ್ಕೆ ಮಾತ್ರೆ ಮುಗಿದಾಗ ಉಗುರು ಇನ್ನೂ ಕೆಟ್ಟದಾಗಿಯೇ ಕಾಣುತ್ತಿರುತ್ತದೆ. ಅನೇಕರು ಇಲ್ಲೇ ಸೋತೆ ಎಂದುಕೊಳ್ಳುತ್ತಾರೆ. ಆದರೆ ಟರ್ಬಿನಫಿನ್ ಉಗುರಿನೊಳಗೆ ಸೇರಿಕೊಂಡು, ಮಾತ್ರೆ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಫಲ ಕಾಣಲು ಸರಾಸರಿ ಹತ್ತು ತಿಂಗಳು ಎಂದು ಅದೇ ಮಾಹಿತಿಪತ್ರ ಹೇಳುತ್ತದೆ.

ಲಿವರ್‌ನ ಭಯ ಎಲ್ಲರಿಗೂ ಇದೆ. ಭಯ ಸುಳ್ಳಲ್ಲ, ಆದರೆ ದೊಡ್ಡದಾಗಿ ಹಬ್ಬಿದೆ. ಗಂಭೀರ ಲಿವರ್ ತೊಂದರೆ 50,000ದಿಂದ 1,20,000 ಜನಕ್ಕೆ ಒಬ್ಬರಿಗೆ ಎಂಬ ಅಂದಾಜಿದೆ. ಶುರು ಮಾಡುವ ಮೊದಲು ಎಲ್‌ಎಫ್‌ಟಿ ಎಂಬ ಲಿವರ್ ರಕ್ತಪರೀಕ್ಷೆ ಮಾಡಿಸಬೇಕು. ಮೊದಲೇ ಲಿವರ್ ಕಾಯಿಲೆ ಇದ್ದವರಿಗೆ ಈ ಮಾತ್ರೆ ಬೇಡ. ತೆಗೆದುಕೊಳ್ಳುವಾಗ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ವಾಕರಿಕೆ ಬಿಡದೇ ಇದ್ದರೆ, ಮೈಯೆಲ್ಲ ತುರಿಕೆಯಾದರೆ ಅವತ್ತೇ ಮಾತ್ರೆ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಲಿವರ್‌ಗಿಂತ ಹೆಚ್ಚು ಕಾಣುವ, ಆದರೆ ಯಾರೂ ಮುಂಚೆ ಹೇಳದ ತೊಂದರೆ ಒಂದಿದೆ: ನಾಲಿಗೆಗೆ ರುಚಿ ಹೋಗುವುದು. ನೂರರಲ್ಲಿ ಮೂವರಿಗೆ ಹೀಗಾಗಬಹುದು. ಮಾತ್ರೆ ಬಿಟ್ಟ ಮೇಲೆ ಸಾಮಾನ್ಯವಾಗಿ ವಾಪಸ್ ಬರುತ್ತದೆ, ವಾರಗಟ್ಟಲೆ ಹಿಡಿಯಬಹುದು. ಇನ್ನೊಂದು ಮಾತು, ಫಿಲ್ಟರ್ ಕಾಫಿಯವರಿಗೆ. ಈ ಮಾತ್ರೆ ದೇಹದಿಂದ ಕೆಫೀನ್ ಹೊರಹೋಗುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ. ರಾತ್ರಿ ನಿದ್ದೆ ಬಾರದಿದ್ದರೆ ಸಂಜೆಯ ಲೋಟ ಬಿಟ್ಟು ನೋಡಿ.

ಬೇರೆ ಮಾತ್ರೆಗಳ ಜೊತೆ ಹೊಂದಾಣಿಕೆ ಮುಖ್ಯ. ಬಿಪಿಗೆ ಮೆಟೊಪ್ರೊಲಾಲ್, ನಿದ್ದೆಗೋ ನರದ ನೋವಿಗೋ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವವರಿಗೆ ಆ ಔಷಧಿಗಳ ಪ್ರಮಾಣ ರಕ್ತದಲ್ಲಿ ಏರಬಹುದು. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಉಲ್ಟಾ: ಟರ್ಬಿನಫಿನ್ ಬೇಗ ಕರಗಿಹೋಗಿ ಕೆಲಸ ಮಾಡುವುದಿಲ್ಲ.

ಭಾರತದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ತೊಡೆಸಂದು, ಸೊಂಟದಲ್ಲಿ ಎಷ್ಟು ಔಷಧಿಗೂ ಬಗ್ಗದ ಹುಳುಕಡ್ಡಿಯನ್ನು ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ನೋಡಿಲ್ಲ! ಅದರ ಹಿಂದಿರುವುದು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಫಂಗಸ್. ಈ ಹೆಸರು ಬಿದ್ದದ್ದು 2020ರಲ್ಲಿ. ಇದರ ಅನೇಕ ತಳಿಗಳಿಗೆ ಟರ್ಬಿನಫಿನ್ ನಾಟುವುದೇ ಇಲ್ಲ. ಸ್ಟೀರಾಯ್ಡ್ ಬೆರೆಸಿದ ಕ್ರೀಮ್‌ಗಳನ್ನು ಚೀಟಿಯಿಲ್ಲದೆ ಕೊಂಡು ಹಚ್ಚಿದ್ದು ಈ ಪಿಡುಗು ಹಬ್ಬಲು ದೊಡ್ಡ ಕಾರಣ ಎಂದು ನಮ್ಮ ಚರ್ಮರೋಗ ತಜ್ಞರು ಹೇಳುತ್ತಲೇ ಇದ್ದಾರೆ. ಇದು ಮುಖ್ಯವಾಗಿ ಚರ್ಮದ ಫಂಗಸ್, ಆದರೆ ಉಗುರಿಗೂ ಹತ್ತಬಲ್ಲದು. ನಿಮಗೋ ಮನೆಯವರಿಗೋ ಹಾಗೆ ಮರಳಿ ಮರಳಿ ಬರುವ ಹುಳುಕಡ್ಡಿ ಇದ್ದರೆ ಉಗುರು ತೋರಿಸುವಾಗ ಅದನ್ನೂ ಹೇಳಿ. ಅಂಥವರಿಗೆ ಕಲ್ಚರ್ ಮಾಡಿಸದೆ 12 ವಾರದ ಮಾತ್ರೆ ಶುರು ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರೂ ಇದನ್ನು ಅಲ್ಲಿನ ವೈದ್ಯರಿಗೆ ತಿಳಿಸಬೇಕು. ಅಮೆರಿಕದಲ್ಲಿ ಈ ಫಂಗಸ್‌ನ ಮೊದಲೆರಡು ಪ್ರಕರಣಗಳು ವರದಿಯಾದದ್ದೇ 2023ರಲ್ಲಿ. ಎಲ್ಲ ವೈದ್ಯರಿಗೂ ಇದರ ಪರಿಚಯ ಇರಲಾರದು.

ಇಟ್ರಾಕೊನಜೋಲ್

ಎರಡನೇ ಆಯ್ಕೆ. ಇದನ್ನು 12 ವಾರ ದಿನವೂ 200 ಮಿ.ಗ್ರಾಂ. ಕೊಡಬಹುದು. ಅಥವಾ ತಿಂಗಳಿಗೆ ಒಂದು ವಾರ ಮಾತ್ರ ದಿನಕ್ಕೆರಡು ಬಾರಿ 200 ಮಿ.ಗ್ರಾಂ. ಕೊಟ್ಟು, ಮೂರು ವಾರ ಬಿಟ್ಟು, ಹೀಗೆ ಮೂರು ಸುತ್ತು ಮಾಡಬಹುದು. ಮೇಲೆ ಹೇಳಿದ ಎರಡು ಲೆಕ್ಕದಲ್ಲಿ ಇದರ ಅಂಕಿ ಶೇ. 54 ಮತ್ತು ಶೇ. 14. ಎರಡನ್ನೂ ನೇರವಾಗಿ ಎದುರುಬದುರು ಇಟ್ಟ ಯುರೋಪಿನ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. 72 ವಾರಗಳ ಕೊನೆಯಲ್ಲಿ, ದಿನವೂ 12 ವಾರ ಟರ್ಬಿನಫಿನ್ ತೆಗೆದುಕೊಂಡವರಲ್ಲಿ ಶೇ. 76 ಜನಕ್ಕೆ ಫಂಗಸ್ ಹೋಗಿತ್ತು. ಇಟ್ರಾಕೊನಜೋಲ್ ಮೂರು ಸುತ್ತು ತೆಗೆದುಕೊಂಡವರಲ್ಲಿ ಶೇ. 38. ಸರಿಯಾಗಿ ಅರ್ಧ.

ಹಾಗಾದರೆ ಇದು ಯಾಕೆ ಬೇಕು? ಪರೀಕ್ಷೆಯಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್ ಬಂದರೆ ಟರ್ಬಿನಫಿನ್‌ಗಿಂತ ಇದು ಮೇಲು. ಸದಾ ನೀರಿನಲ್ಲಿ ಕೈಯಾಡಿಸುವವರ ಕೈಯುಗುರಿನಲ್ಲಿ ಕ್ಯಾಂಡಿಡಾ ಹೆಚ್ಚು. ಟರ್ಬಿನಫಿನ್‌ಗೆ ಬಗ್ಗದ ಫಂಗಸ್ ಇದ್ದಾಗಲೂ ವೈದ್ಯರು ಇದರ ಕಡೆ ಬರುತ್ತಾರೆ.

ಆದರೆ ಇದರ ಶರತ್ತುಗಳು ಜಾಸ್ತಿ. ಹಾರ್ಟ್ ಫೇಲ್ಯೂರ್ ಇದ್ದವರಿಗೆ, ಹಿಂದೆ ಆಗಿದ್ದವರಿಗೆ ಉಗುರಿನ ಸಲುವಾಗಿ ಇದನ್ನು ಕೊಡಲೇಬಾರದು. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರಿಗೂ ಬೇಡ. ಅಟೊರ್ವಾಸ್ಟಾಟಿನ್ ಇದ್ದರೂ ವೈದ್ಯರಿಗೆ ಹೇಳಲೇಬೇಕು. ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ನುಂಗಬೇಕು. ಹೊಟ್ಟೆಯಲ್ಲಿ ಆಮ್ಲ ಇದ್ದರೆ ಮಾತ್ರ ಅದು ಮೈಗೆ ಹತ್ತುವುದು. ನಮ್ಮಲ್ಲಿ ಬೆಳಿಗ್ಗೆ ಎದ್ದು ಗ್ಯಾಸಿನ ಮಾತ್ರೆ ನುಂಗುವುದು ಹಲ್ಲುಜ್ಜಿದಷ್ಟೇ ಸಹಜವಾಗಿಬಿಟ್ಟಿದೆ, ಅಲ್ವಾ? ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜೊತೆಗಿದ್ದರೆ ಮಾಮೂಲಿ ಕ್ಯಾಪ್ಸೂಲು ಅರೆಬರೆ ಕೆಲಸ ಮಾಡುತ್ತದೆ. ಔಷಧಿಗೆ ಹೆಸರು ಕೆಡುತ್ತದೆ.

ಅಂಗಡಿಯಲ್ಲಿ 65 ಮತ್ತು 130 ಮಿ.ಗ್ರಾಂ.ನ ಹೊಸ ಬಗೆಯ ಇಟ್ರಾಕೊನಜೋಲ್ ಕೂಡ ಸಿಗುತ್ತದೆ. ಇದು ದೇಹಕ್ಕೆ ಹೆಚ್ಚು ಹೀರಿಕೊಳ್ಳುವಂತೆ ಮಾಡಿದ್ದು. 65 ಅಂದರೆ ಹಳೆಯ 100ಕ್ಕೆ ಸಮ. "ಅದಿಲ್ಲ, ಇದು ತಗೊಳ್ಳಿ ಸಾರ್" ಎಂದು ಅಂಗಡಿಯವರು ಬದಲಿಸಿ ಕೊಟ್ಟರೆ ಸುಮ್ನೆ ಒಪ್ಪಬೇಡಿ. ಬರೆದುಕೊಟ್ಟವರನ್ನು ಒಮ್ಮೆ ಕೇಳಿ.

ಫ್ಲುಕೊನಜೋಲ್ ಬಗ್ಗೆ ಎರಡು ಮಾತು ಸಾಕು. ವಾರಕ್ಕೊಂದೇ ಸಲ, 150ರಿಂದ 300 ಮಿ.ಗ್ರಾಂ. ಕೇಳಲು ಸುಲಭ, ಆದರೆ ಆರರಿಂದ ಹನ್ನೆರಡು ತಿಂಗಳು ನಡೆಯಬೇಕು. ಫಲವೂ ಮೇಲಿನೆರಡಕ್ಕಿಂತ ಕಡಿಮೆ. ಅವೆರಡೂ ಆಗದವರಿಗೆ ಇದು. ಹಳೆಯ ಗ್ರೈಸಿಯೊಫುಲ್ವಿನ್ ಕಾಲುಗುರಿನ ಮಟ್ಟಿಗೆ ಮುಗಿದ ಕಥೆ. ಕೀಟೊಕೊನಜೋಲ್ ಮಾತ್ರೆಯನ್ನಂತೂ ಯಾರಾದರೂ ಉಗುರಿಗೆ ಬರೆದರೆ ಬೇಡ ಎನ್ನಿ. ಲಿವರ್‌ಗೆ ಆಗುವ ಹಾನಿಯ ಕಾರಣಕ್ಕೆ ಚರ್ಮ ಮತ್ತು ಉಗುರಿನ ಫಂಗಸ್‌ಗೆ ಅದನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಹೇಳಿದೆ.

ಹಚ್ಚುವ ಲ್ಯಾಕರ್

ಮೊದಲು ಕ್ರೀಮಿನ ವಿಷಯ ಮುಗಿಸೋಣ. ಕ್ಲೋಟ್ರಿಮಜೋಲ್‌ನಂಥ ಮಾಮೂಲಿ ಕ್ರೀಮ್ ಚರ್ಮಕ್ಕೆ ಒಳ್ಳೆಯದು. ಗಟ್ಟಿ ಉಗುರನ್ನು ದಾಟಿ ಅದು ಕೆಳಗಿಳಿಯುವುದಿಲ್ಲ. ಉಗುರಿಗೆಂದೇ ಮಾಡಿದ್ದು ಲ್ಯಾಕರ್, ನೈಲ್ ಪಾಲಿಶ್‌ನ ಹಾಗೆ ಬಳಿಯುವಂಥದ್ದು. ನಮ್ಮಲ್ಲಿ ಸುಲಭವಾಗಿ ಸಿಗುವುದು ಎರಡು: ಅಮೊರೊಲ್ಫಿನ್ ಶೇ. 5 ಮತ್ತು ಸೈಕ್ಲೊಪಿರಾಕ್ಸ್ ಶೇ. 8.

ಅಮೊರೊಲ್ಫಿನ್ ವಾರಕ್ಕೆ ಒಂದೆರಡು ಸಲ ಹಚ್ಚಿದರೆ ಸಾಕು. ಪ್ರತಿ ಸಲ ಉಗುರಿನ ಮೇಲ್ಭಾಗವನ್ನು ಫೈಲಿನಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಬಳಿಯಬೇಕು. ಸೈಕ್ಲೊಪಿರಾಕ್ಸ್ ದಿನವೂ ಬೇಕು, ವಾರಕ್ಕೊಮ್ಮೆ ಸ್ಪಿರಿಟ್‌ನಿಂದ ಪೂರ್ತಿ ತೆಗೆದು ಹೊಸದಾಗಿ ಶುರು ಮಾಡಬೇಕು. ಯಾವುದಾದರೂ ಒಂಬತ್ತರಿಂದ ಹನ್ನೆರಡು ತಿಂಗಳ ವ್ರತ. ನಡುವೆ ಒಂದು ತಿಂಗಳು ಮದುವೆ, ಊರು, ಹಬ್ಬ ಎಂದು ಬಿಟ್ಟರೆ ಹಿಂದಿನ ಶ್ರಮ ಹಾಳು. ದಿನವೂ ಮರೆಯದೆ ಮಾಡುವ ಸ್ವಭಾವ ನಿಮ್ಮದಲ್ಲದಿದ್ದರೆ ಅಮೊರೊಲ್ಫಿನ್ ತೆಗೆದುಕೊಳ್ಳಿ.

ಫಲದ ವಿಷಯಕ್ಕೆ ಬಂದರೆ ಸೈಕ್ಲೊಪಿರಾಕ್ಸ್‌ನಿಂದ ಉಗುರು ಪೂರ್ತಿ ವಾಸಿಯಾದವರು ಶೇ. 5.5ರಿಂದ 8.5. ಫಂಗಸ್ ಮಾತ್ರ ಹೋದವರು ಶೇ. 29ರಿಂದ 36. ಅಮೆರಿಕದಲ್ಲಿ 2014ರಲ್ಲಿ ಬಂದ ಎಫಿನಕೊನಜೋಲ್ ದ್ರಾವಣ ಇದಕ್ಕಿಂತ ಚೆನ್ನಾಗಿದೆ: ಪೂರ್ತಿ ವಾಸಿ ಶೇ. 15ರಿಂದ 18. ಕೆನಡಾ, ಜಪಾನ್‌ಗಳಲ್ಲೂ ಅದು ಇದೆ. ಬ್ರಿಟನ್ನಿನಲ್ಲಿರುವವರಿಗೆ ಅಮೊರೊಲ್ಫಿನ್ ಫಾರ್ಮಸಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಆದರೆ ಎರಡು ಉಗುರುಗಳ ಮಿತಿಗೆ. ಆ ಮಿತಿ ಸುಮ್ನೆ ಇಟ್ಟದ್ದಲ್ಲ.

ಲ್ಯಾಕರ್‌ಗೆ ಮೈಯೊಳಗಿನ ಅಡ್ಡಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಎಲ್ಲರಿಗೂ ಇದರ ಮೇಲೆ ಆಸೆ. ಆದರೆ ಒಂದೋ ಎರಡೋ ಉಗುರು, ತುದಿ ಮಾತ್ರ ಕೆಟ್ಟಿರುವುದು, ಬುಡ ಚೆನ್ನಾಗಿರುವುದು, ಇಂಥವರಿಗೆ ಮಾತ್ರ ಒಂಟಿ ಲ್ಯಾಕರ್ ಸಾಕು. ಬುಡಕ್ಕೆ ಇಳಿದ ಮೇಲೆ ಬರೀ ಲ್ಯಾಕರ್ ಬಳಿಯುವುದೆಂದರೆ ಬೇರಿಗೆ ಗೆದ್ದಲು ಹಿಡಿದ ತೆಂಗಿಗೆ ಗರಿಯ ಮೇಲೆ ಔಷಧಿ ಹೊಡೆದ ಹಾಗೆ. ಮಾತ್ರೆಯ ಜೊತೆಗೆ ಲ್ಯಾಕರ್ ಸೇರಿಸಿದರೆ ಮಾತ್ರ ಎರಡಕ್ಕೂ ಬಲ ಬರುತ್ತದೆ. ಹಠಮಾರಿ ಉಗುರಿಗೆ ಅನೇಕ ವೈದ್ಯರು ಮಾಡುವುದು ಹೀಗೇ.

ಉಗುರು ತೆಳು ಮಾಡಿಸುವುದು, ತೆಗೆಸುವುದು

ಇದನ್ನು ಚಿಕಿತ್ಸೆ ಎಂದು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ದಪ್ಪ ಉಗುರನ್ನು ತೆಳು ಮಾಡಿದರೆ ಔಷಧಿ ಒಳಗಿಳಿಯುತ್ತದೆ, ಶೂ ಒತ್ತಿ ಆಗುವ ನೋವೂ ಕಡಿಮೆಯಾಗುತ್ತದೆ. ಶೇ. 40ರ ಯೂರಿಯಾ ಮುಲಾಮು ಹಚ್ಚಿ, ಪ್ಲಾಸ್ಟರ್ ಸುತ್ತಿ ಬಿಟ್ಟರೆ ಕೆಲವು ದಿನಗಳಲ್ಲಿ ಕೆಟ್ಟ ಉಗುರು ಮೆತ್ತಗಾಗುತ್ತದೆ. ಆಗ ನೋವಿಲ್ಲದೆ ಕೆರೆದು ತೆಗೆಯಬಹುದು. ಆ ಹಳದಿ ಈಟಿಯಂಥ ಪಟ್ಟಿ ಇದ್ದವರಿಗೆ ಇದು ಬೇಕೇಬೇಕು. ಇಡೀ ಉಗುರನ್ನು ಅರಿವಳಿಕೆ ಕೊಟ್ಟು ಕೀಳಿಸುವುದು ಬೇರೆ ಮಾತು. ಬರೀ ಕಿತ್ತರೆ ಸಾಲದು. ಬುಡದಲ್ಲಿ ಫಂಗಸ್ ಉಳಿದಿದ್ದರೆ ಹೊಸ ಉಗುರಿಗೂ ಹತ್ತುತ್ತದೆ. ಅದನ್ನೇ ಮೊದಲ ಪರಿಹಾರವಾಗಿ ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಲೇಸರ್

ದುಬಾರಿ. ಸಾಮಾನ್ಯವಾಗಿ ಹಲವು ಸಲ ಹೋಗಬೇಕು. ಅಮೆರಿಕದ ಎಫ್‌ಡಿಎ ಕೆಲವು ಯಂತ್ರಗಳಿಗೆ ಅನುಮತಿ ಕೊಟ್ಟಿರುವುದು ಚೊಕ್ಕ ಉಗುರಿನ ಭಾಗ "ತಾತ್ಕಾಲಿಕವಾಗಿ ಹೆಚ್ಚುವುದಕ್ಕೆ". ಫಂಗಸ್ ಗುಣವಾಗುತ್ತದೆ ಎಂದಲ್ಲ. ಜಾಹೀರಾತಿನಲ್ಲಿ ಆ "ತಾತ್ಕಾಲಿಕ" ಕಾಣೆಯಾಗಿರುತ್ತದೆ. ಲಿವರ್ ಕಾಯಿಲೆಯಿಂದ ಮಾತ್ರೆಯೇ ಆಗದವರು, ಲ್ಯಾಕರ್ ಜೊತೆಗೆ, ಕಳೆದುಕೊಂಡರೂ ಪರವಾಗಿಲ್ಲ ಎನ್ನುವ ದುಡ್ಡು ಇದ್ದರೆ ನೋಡಬಹುದು. ಉಳಿದವರಿಗೆ ನಾನು ಹೇಳುವುದಿಲ್ಲ.

ಮನೆಮದ್ದು

ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಗದ್ದೆ ಕೆಲಸದಲ್ಲಿ ಕಾಲ್ಬೆರಳ ಸಂದು ಬೆಳ್ಳಗಾಗಿ ಕೊಳೆಯುವ ಕೆಸರುಹುಣ್ಣಿಗೆ ಮದರಂಗಿ ಸೊಪ್ಪು ಅರೆದು ಹಚ್ಚುವ ರೂಢಿಯಿದೆ. ಅದು ಚರ್ಮದ ಮಾತು. ಉಗುರಿಗೆ ಮದರಂಗಿ ಹಚ್ಚಿದರೆ ಬಣ್ಣ ಕಟ್ಟಿ, ಕೆಳಗೆ ಏನಾಗುತ್ತಿದೆ ಎಂದು ವೈದ್ಯರಿಗೂ ಕಾಣದಂತಾಗುತ್ತದೆ.

ಅಧ್ಯಯನ ನಡೆದ ಮನೆಮದ್ದು ಕೆಲವೇ. ಎದೆಗೆ ಹಚ್ಚುವ ವಿಕ್ಸ್ ವೇಪೊರಬ್ ಅನ್ನು 18 ಜನರ ಉಗುರಿಗೆ 48 ವಾರ ಹಚ್ಚಿ ನೋಡಿದ ಪುಟ್ಟ ಅಧ್ಯಯನ 2011ರಲ್ಲಿ ಬಂತು. ಐವರಿಗೆ ಪೂರ್ತಿ ವಾಸಿಯಾಯಿತು, ಹತ್ತು ಜನಕ್ಕೆ ಅಷ್ಟಿಷ್ಟು. ಆದರೆ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ, ಸಂಖ್ಯೆಯೂ ಸಣ್ಣದು. ಟೀ ಟ್ರೀ ಎಣ್ಣೆಯನ್ನು 1994ರಲ್ಲಿ ಕ್ಲೋಟ್ರಿಮಜೋಲ್ ಜೊತೆ ಹೋಲಿಸಿದ್ದರು. ಆರು ತಿಂಗಳ ಮೇಲೆ ಫಂಗಸ್ ಹೋದದ್ದು ಎಣ್ಣೆಯಿಂದ ಶೇ. 18, ಕ್ಲೋಟ್ರಿಮಜೋಲ್ ದ್ರಾವಣದಿಂದ ಶೇ. 11. ಎರಡೂ ಸೋತವು ಎಂದೇ ನಾನು ಓದಿಕೊಳ್ಳುತ್ತೇನೆ. ಅರಿಶಿನ, ಬೇವಿನ ಎಣ್ಣೆ ಹಚ್ಚುವುದರಿಂದ ಕೆಡುಕಿಲ್ಲ, ಉಗುರಿನಡಿ ಇಳಿಯುತ್ತವೆ ಎಂಬ ನಂಬಿಕೆ ಬೇಡ. ಬ್ಲೀಚಿಂಗ್ ಪೌಡರ್, ಆಸಿಡ್, ಬ್ಯಾಟರಿ ನೀರು ಇತ್ಯಾದಿ ಬೇಡವೇ ಬೇಡ. ಸಕ್ಕರೆ ಕಾಯಿಲೆ ಇದ್ದು ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಸುಮ್ನೆ ಬಿಡುವುದು

ಇದೂ ಒಂದು ಆಯ್ಕೆಯೇ. ಎಪ್ಪತ್ತು ದಾಟಿದ, ದಿನಕ್ಕೆ ಏಳೆಂಟು ಮಾತ್ರೆ ನುಂಗುವ ಅಜ್ಜನಿಗೆ ಉಗುರು ನೋಯುತ್ತಿಲ್ಲ, ಸಕ್ಕರೆ ಕಾಯಿಲೆ ಇಲ್ಲ ಎಂದಾದರೆ ಇನ್ನೊಂದು ಮಾತ್ರೆ ಸೇರಿಸುವ ಅಗತ್ಯ ಏನು? ಉಗುರನ್ನು ತೆಳುವಾಗಿ ಕತ್ತರಿಸಿ, ಬೆರಳ ಸಂದು ಒಣಗಿಸಿ ಇಟ್ಟರೆ ಸಾಕು.

ಆದರೆ ಸಕ್ಕರೆ ಕಾಯಿಲೆ ಇದ್ದವರು ಹೀಗೆ ಬಿಡಬಾರದು. ದಪ್ಪ ಉಗುರು ಕೆಳಗಿನ ಚರ್ಮವನ್ನು ಒತ್ತಿ ಗಾಯ ಮಾಡುತ್ತದೆ. ಬೆರಳ ಸಂದಿನ ಬಿರುಕಿನಿಂದ ಬ್ಯಾಕ್ಟೀರಿಯಾ ನುಗ್ಗಿ ಕಾಲು ಕೆಂಪಗೆ ಊದುವ ಸೆಲ್ಯುಲೈಟಿಸ್ ಬರಬಹುದು. ಇವರಿಗೆ ಇದು ಅಂದದ ಪ್ರಶ್ನೆಯಲ್ಲ. ಗರ್ಭಿಣಿಯರು ಮತ್ತು ಹಾಲೂಡಿಸುವವರ ಮಾತು ಬೇರೆ: ಉಗುರಿನ ಮಾತ್ರೆಯನ್ನು ಮುಂದೂಡಬಹುದು. ಅವಸರವಿಲ್ಲ.

ಯಾರಿಗೆ ಯಾವುದು

ಆರೋಗ್ಯವಂತ ಮೂವತ್ತರ ಹರೆಯದವರು, ಒಂದು ಹೆಬ್ಬೆರಳು, ತುದಿ ಮಾತ್ರ: ಅಮೊರೊಲ್ಫಿನ್. ಆರು ತಿಂಗಳಲ್ಲಿ ಬುಡದ ಕಡೆ ಚೊಕ್ಕ ಉಗುರು ಕಾಣದಿದ್ದರೆ ಮಾತ್ರೆ.

ಐವತ್ತೈದರ ಸಕ್ಕರೆ ಕಾಯಿಲೆಯವರು, ನಾಲ್ಕೈದು ಉಗುರು ಬುಡದವರೆಗೆ: ಪರೀಕ್ಷೆ, ಎಲ್‌ಎಫ್‌ಟಿ, ಆಮೇಲೆ ಟರ್ಬಿನಫಿನ್. ಜೊತೆಗೆ ಉಗುರು ತೆಳು ಮಾಡಿಸುವುದು. ಅದನ್ನು ಮನೆಯಲ್ಲಿ ಬ್ಲೇಡಿನಿಂದ ಮಾಡಬೇಡಿ, ಪಾದದ ಕ್ಲಿನಿಕ್ಕಿನಲ್ಲೇ ಮಾಡಿಸಿ.

ಹೃದಯ ದುರ್ಬಲ, ಲಿವರ್ ಚೆನ್ನಾಗಿದೆ: ಇಟ್ರಾಕೊನಜೋಲ್ ಬಿಟ್ಟು ಟರ್ಬಿನಫಿನ್, ಹೃದಯದ ಮಾತ್ರೆಗಳ ಪಟ್ಟಿ ತೋರಿಸಿಕೊಂಡು. ಲಿವರ್ ಕೆಟ್ಟಿದೆ: ಯೂರಿಯಾ ಮತ್ತು ಲ್ಯಾಕರ್, ನಿರೀಕ್ಷೆ ಸ್ವಲ್ಪ ಕಡಿಮೆ ಇಟ್ಟುಕೊಂಡು.

ಮಾತ್ರೆಯ ಖರ್ಚಿನ ಚಿಂತೆ ಇದ್ದವರು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಹನ್ನೆರಡು ವಾರಕ್ಕೆ 84 ಮಾತ್ರೆಗಳಾಗುತ್ತವೆ. ಬ್ರಾಂಡ್‌ಗೂ ಜೆನರಿಕ್‌ಗೂ ಇರುವ ವ್ಯತ್ಯಾಸ ಆಗ ಚೆನ್ನಾಗಿ ಗೊತ್ತಾಗುತ್ತದೆ.

ವಾಸಿಯಾಗುತ್ತಿದೆಯೇ ಎಂದು ನೋಡುವುದು, ಮತ್ತೆ ಬರದಂತೆ ನೋಡಿಕೊಳ್ಳುವುದು

ವಾಸಿಯಾದ ಉಗುರಿಗೆ ಮತ್ತೆ ಹತ್ತುವುದು ಮಾಮೂಲು. ಬೇರೆ ಬೇರೆ ಅಧ್ಯಯನಗಳಲ್ಲಿ ನೂರಕ್ಕೆ ಹತ್ತರಿಂದ ಐವತ್ತು ಜನಕ್ಕೆ ಹೀಗಾಗಿದೆ. ಹೆಚ್ಚಾಗಿ ಬೆರಳ ಸಂದಿನ ಚರ್ಮದಲ್ಲಿ ಉಳಿದ ಫಂಗಸ್ಸೇ ವಾಪಸ್ ಉಗುರಿಗೆ ಹೋಗುತ್ತದೆ. ಆದ್ದರಿಂದ ಉಗುರಿನ ಜೊತೆಗೇ ಸಂದಿಗೂ ಕ್ರೀಮ್ ಹಚ್ಚಬೇಕು. ಇಲ್ಲಿ ಕ್ರೀಮ್ ಕೆಲಸ ಮಾಡುತ್ತದೆ. ಕಾಲುಂಗುರ ಹಾಕುವವರು ಸ್ನಾನದ ಮೇಲೆ ಅದನ್ನು ಸರಿಸಿ ಕೆಳಗೆ ಒರೆಸಿಕೊಳ್ಳಿ. ಅಲ್ಲಿ ತೇವ ನಿಲ್ಲುತ್ತದೆ. ದಿನವೂ ಶೂ ಹಾಕುವವರಿಗೆ ಎರಡು ಜೊತೆ ಇರಲಿ, ಒಂದು ಒಣಗುವಾಗ ಇನ್ನೊಂದು. ಮನೆಮಂದಿಗೆಲ್ಲ ಒಂದೇ ನೈಲ್ ಕಟರ್, ಬಚ್ಚಲಿಗೆ ಒಂದೇ ಹವಾಯಿ ಚಪ್ಪಲಿ ಎಂಬ ಪದ್ಧತಿ ಬಿಡಬೇಕು. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಮಾಡಿಸಿಕೊಳ್ಳಿ.

ಚಿಕಿತ್ಸೆ ಶುರುವಾದ ದಿನ ಒಳ್ಳೆಯ ಬೆಳಕಿನಲ್ಲಿ ಉಗುರಿನ ಫೋಟೋ ತೆಗೆದಿಡಿ. ಕೆಟ್ಟ ಭಾಗ ಎಲ್ಲಿಂದ ಶುರುವಾಗುತ್ತದೋ ಅಲ್ಲಿ ಫೈಲಿನಿಂದ ಅಡ್ಡಕ್ಕೆ ಒಂದು ಸಣ್ಣ ಗೀರು ಹಾಕಿದರೂ ಆಯಿತು. ಮೂರು ತಿಂಗಳಲ್ಲಿ ಆ ಗೀರು ನಾಲ್ಕೈದು ಮಿ.ಮೀ. ಮುಂದೆ ಹೋಗಿ, ಹಿಂದೆ ಹುಟ್ಟಿದ ಉಗುರು ಚೊಕ್ಕವಾಗಿದ್ದರೆ ತುದಿ ಎಷ್ಟೇ ಕೆಟ್ಟದಾಗಿ ಕಂಡರೂ ಔಷಧಿ ನಾಟಿದೆ. ಗೀರನ್ನು ದಾಟಿ ಹಳದಿ ಬುಡದ ಕಡೆ ಬಂದಿದ್ದರೆ ಅದೇ ಮಾತ್ರೆಯನ್ನು ನಿಮ್ಮಷ್ಟಕ್ಕೆ ಇನ್ನೂ ಮೂರು ತಿಂಗಳು ಮುಂದುವರಿಸಬೇಡಿ. ಮತ್ತೊಮ್ಮೆ ಕೆರೆಸಿ, ಈ ಸಲ ಕಲ್ಚರ್‌ಗೆ ಕಳಿಸಿ.